ಯಾರನ್ನು ಕೇಳಿದಿರಿ?

ಬೆಳಗಿನ ಐದೂಮುಕ್ಕಾಲು. ಚನ್ನಗಿರಿಯ ಜೆರಾಕ್ಸ್ ಅಂಗಡಿಯ ಶಟರ್ ಅರ್ಧ ಎತ್ತಿ ಹೇಮಾವತಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾರೆ. ಕೂತಿದ್ದಾರೆ ಅನ್ನುವುದಕ್ಕಿಂತ ಕುದಿಯುತ್ತಿದ್ದಾರೆ ಅನ್ನಬೇಕು. ಜಗಳೂರಿನ ದ್ಯಾಮಮ್ಮನ ಒಂಬತ್ತು ವರ್ಷದ ಮಗಳು ರಕ್ಷಾಗೆ ಮೂರ್ಛೆರೋಗ. ಉಳಿದಿರುವುದು ಒಂದೇ ಮಾತ್ರೆ, ಸಂಜೆಗಿಲ್ಲ. ದಾವಣಗೆರೆಯಲ್ಲೂ ಸ್ಟಾಕ್ ಮುಗಿದಿದೆ. ಡಾಕ್ಟರ್ ಚೀಟಿಯ ಫೋಟೋವನ್ನು ಹೇಮಾವತಿಯ ಆ್ಯಪ್‌ಗೆ ಹಾಕಿ ತಾಯಿ ಕಾಯುತ್ತಿದ್ದಾಳೆ.

ಹೇಮಾವತಿ ಪಿಯುಸಿ ಫೇಲು. ಹಗಲೆಲ್ಲ ಜೆರಾಕ್ಸ್, ಅದಕ್ಕೆ ಮುಂಚೆ ಎರಡು ತಾಸು ಸಾಫ್ಟ್‌ವೇರ್. ನಾಲ್ಕು ಊರಿನ ನಾಲ್ಕು ಜನ ಒಂದೇ ವಸ್ತು ಹುಡುಕುವಾಗ ಯಾರು ಎಲ್ಲಿ ವಿಚಾರಿಸಿದರು ಎಂಬುದು ಎಲ್ಲರ ಫೋನಿನಲ್ಲೂ ಕಾಣಬೇಕು. ಯೂಟ್ಯೂಬ್ ನೋಡಿ ಕಲಿತು ಅಂಥದೊಂದು ಆ್ಯಪ್ ಕಟ್ಟಿದ್ದಾರೆ. ದಿನಕ್ಕೆ ಆರೇಳು ಹುಡುಕಾಟ. ಡಿಗ್ರಿ ಇದ್ದವರನ್ನೇ ಹುಡುಕಿ ಶಾಲು ಹೊದಿಸುವವರಿಗೆ ಈ ಅಂಗಡಿ ಕಾಣುವುದಿಲ್ಲ, ಬಿಡಿ.

"ಮೊದ್ಲು ವಾಟ್ಸಾಪಲ್ಲೇ ಹುಡುಕ್ತಿದ್ವಿ. ಎಲ್ರೂ ಒಂದೇ ಅಂಗಡಿಗೆ ಫೋನ್ ಹಚ್ಚೋರು, ಅವ್ನು ಉಗಿಯೋನು. 'ಕೇಳಿದ್ರಾ?' ಅಂದ್ರೆ ಕೈಮುಗಿಯೋ ಚಿತ್ರ ಹಾಕೋರು. ಹಂಗಂದ್ರೆ ಏನ್ರೀ? ಕೇಳಿದೀನಿ ಅಂತನಾ, ಕೇಳಲ್ಲ ಅಂತನಾ?" ಎನ್ನುತ್ತಾರೆ ಹೇಮಾವತಿ.

'ಕೇಳಿದೆ, ಇಲ್ಲ' ಎಂಬ ಗುಂಡಿ ಮಾಡಿದರು. ಜನ ಕೇಳದೆಯೇ ಒತ್ತತೊಡಗಿದರು. ಒತ್ತಿದರೆ ಕೆಲಸ ಮುಗಿಯಿತಲ್ಲ! ಅದಕ್ಕೇ 'ಯಾರನ್ನು ಕೇಳಿದಿರಿ?' ಎಂಬ ಖಾನೆ ಬಂತು. ರಕ್ಷಾಳ ಮಾತ್ರೆಗಾಗಿ ನಿನ್ನೆ ಹೊನ್ನಾಳಿಯ ದರ್ಜಿ ಮಾರಪ್ಪ ಏಳು ಔಷಧಿ ಅಂಗಡಿ ಸುತ್ತಿ ಏಳು ಹೆಸರು ತುಂಬಿದ್ದಾರೆ. ನ್ಯಾಮತಿಯ ಸತೀಶ್ ಕುಮಾರ್ ಒಂದೇ ನಿಮಿಷದಲ್ಲಿ, ಪಕ್ಕದ ಸವಳಂಗದ ಅಂಗಡಿಯೂ ಸೇರಿ, ಐದು 'ಇಲ್ಲ' ಒತ್ತಿದ್ದಾರೆ. ಹೆಸರಿನ ಖಾನೆ ಐದೂ ಖಾಲಿ.

ಹೇಮಾವತಿ ಫೋನ್ ಎತ್ತಿಕೊಳ್ಳುತ್ತಾರೆ.

"ಸತೀಶಣ್ಣ, ಸವಳಂಗದಾಗೆ ಯಾರ್ನ ಕೇಳಿದ್ರಿ?"

"ಸಣ್ಣ ಅಂಗಡಿ ಅಲ್ವೇನಕ್ಕ ಅದು. ಅಲ್ಲೆಲ್ಲಿ ಇರ್ತೈತೆ ಅಂತ..."

"ಇಲ್ಲ ಅಂತ ನಿಮಗೇನು ಕನಸು ಬಿತ್ತಾ? ಅಲ್ಲಿ ಮಗೀಗೆ ಸಂಜೆ ಮಾತ್ರೆ ಇಲ್ಲ ರೀ. ಎದ್ದು ಬೈಕ್ ತಗೀರಿ!"

ಒಂಬತ್ತಕ್ಕೆ ಬಾಗಿಲು ತೆರೆದ ಆ ಸಣ್ಣ ಅಂಗಡಿಯಲ್ಲೇ ಎರಡು ಪಟ್ಟಿ ಮಾತ್ರೆ ಸಿಗುತ್ತವೆ. ಸತೀಶ್ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದ ಮಾತ್ರೆಯನ್ನು ದ್ಯಾಮಮ್ಮ ದಾವಣಗೆರೆಗೇ ಬಂದು ಇಸಿದುಕೊಳ್ಳುತ್ತಾಳೆ. ಸಂಜೆ ಎಲ್ಲರ ಫೋನಿಗೂ ಅವಳ ಧ್ವನಿ ಸಂದೇಶ ಬರುತ್ತದೆ: "ಮಗ ಮಾತ್ರೆ ನುಂಗ್ತು. ಸತೀಶಣ್ಣ ದೇವ್ರು ಬಂದಂಗೆ ಬಂದ!" ಸತೀಶ್ ಹಿಗ್ಗಿ ಹೀರೇಕಾಯಿ.

ಹೇಮಾವತಿ ಹಣೆ ಚಚ್ಚಿಕೊಳ್ಳುತ್ತಾರೆ. ಮಾರಪ್ಪನ ಏಳು ಅಂಗಡಿ ಯಾರ ಬಾಯಲ್ಲೂ ಬರಲಿಲ್ಲ, ಹೇಮಾವತಿಯ ಹೆಸರಂತೂ ಬರುವುದೇ ಇಲ್ಲ. ಬೇಜಾರಾಗಲ್ವಾ ಎಂದರೆ ಸಿಡುಕುತ್ತಾರೆ:

"ಜನ್ರನ್ನ ತಿದ್ದಾಕೆ ನನ್ ಕೈಲಾಗಲ್ಲ ರೀ. ಸುಳ್ಳು ಒತ್ತಿದ್ರೆ ಹೊತ್ತು ಮೀರೋದ್ರೊಳಗೆ ಸಿಕ್ಕಿಬೀಳಂಗೆ ಮಾಡಿದೀನಿ. ಅಷ್ಟು ಸಾಕು."