ಬಾಗದ ಬಟ್ಟಲು

ಒಣದ್ರಾಕ್ಷಿ ನೀರಲ್ಲಿ ನೆನೆದು ಉಬ್ಬಿದಾಗ ಸಿಹಿಗೂ ಹುಳಿಗೂ ನಡುವಿನ ಒಂದು ವಾಸನೆ ಬರುತ್ತದೆ. ಮೊನ್ನೆ ಮೊಮ್ಮಗಳು ಪಾಯಸಕ್ಕೆಂದು ನೆನೆಹಾಕಿದ್ದಳು. ಅಡುಗೆಮನೆಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟೆ. ನಿಮಗೂ ಹೀಗಾಗಿರಬೇಕು, ಮನೆ ಹೋಗಿ, ಮನೆಯವರು ಹೋಗಿ ಎಷ್ಟೋ ಕಾಲವಾದ ಮೇಲೂ ಅಲ್ಲಿನ ವಾಸನೆ ಮಾತ್ರ ಎಲ್ಲೋ ಕಾದು ಕೂತಿರುತ್ತದೆ. ನನಗೆ ಕಂಡದ್ದು ಮಹಾರಾಜರ ಕಾಲದ ಹುಣಸೂರು, ಪ್ರಾರ್ಥನೆ ಮನೆಯ ಹಿಂಗೋಡೆಗೆ ಒತ್ತಿಕೊಂಡಿದ್ದ ನಮ್ಮಣ್ಣನ ಹೆಂಚಿನ ಮನೆ. ಅಪ್ಪ ಅವ್ವ ತೀರಿಕೊಂಡ ಮೇಲೆ ಅಣ್ಣನೇ ನನ್ನನ್ನು ಸಾಕಿದ. ಅವನು ಅಲ್ಲಿನ ಕ್ರೈಸ್ತ ಸಭೆಗೆ ಅಯ್ಯನವರು, ಅಂದರೆ ಪಾದ್ರಿ, ಮದುವೆಯಾಗಿರಲಿಲ್ಲ. ನನ್ನ ಓದು ಮೂರನೇ ಕ್ಲಾಸಿಗೆ ನಿಂತು, ಮನೆಗೆಲಸವೆಲ್ಲ ನನ್ನ ಕೈಗೆ ಬಂದಿತ್ತು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುವಿನ ನೆನಪಿಗೆ ಎಲ್ಲರೂ ಒಂದೇ ಬಟ್ಟಲಿನ ದ್ರಾಕ್ಷಿರಸ ಕುಡಿಯುವ ದಿನ. ಹಿಂದಿನ ಸಂಜೆ ದ್ರಾಕ್ಷಿ ನೆನೆಹಾಕಿ, ಬೆಳಿಗ್ಗೆ ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿ ರಸ ತೆಗೆಯುವುದು ನನ್ನ ಪಾಲಿನ ಸೇವೆ. ಕೈಯೆಲ್ಲ ಅಂಟು, ಕಿಟಕಿಯಾಚೆ ಕಾಫಿ ಹೊಟ್ಟು ಸುಡುವ ಹೊಗೆ, ಜಗಲಿಯಲ್ಲಿ ಅಣ್ಣ ಪ್ರಸಂಗದ ಮಾತುಗಳನ್ನು ತನ್ನಷ್ಟಕ್ಕೆ ಹೇಳಿಕೊಳ್ಳುವ ದನಿ. ಅಷ್ಟು ಸುಖ ಆಮೇಲೆ ನನಗೆ ಸಿಗಲಿಲ್ಲ.

ಬೇರೆ ಕಡೆ ಅಯ್ಯನವರೇ ಒಬ್ಬೊಬ್ಬರಿಗೂ ಬಟ್ಟಲು ಹಿಡಿಯುತ್ತಿದ್ದರು. ನಮ್ಮಣ್ಣ ಹಾಗೆ ಮಾಡುತ್ತಿರಲಿಲ್ಲ. ಚಾಪೆಯ ಮೇಲೆ ಸಾಲಾಗಿ ಕೂತವರಲ್ಲಿ ಮೊದಲಿನವರ ಕೈಗೆ ಕೊಟ್ಟು, ಕೈಯಿಂದ ಕೈಗೆ ದಾಟಿಸಲು ಬಿಡುತ್ತಿದ್ದ. ಎಲ್ಲರೂ ಕುಡಿದು ಉಳಿದದ್ದನ್ನು ತಾನು ಕುಡಿಯುತ್ತಿದ್ದ. ಯಾಕಣ್ಣ ಹೀಗೆ ಅಂತ ಒಮ್ಮೆ ಕೇಳಿದ್ದೆ. "ದೊಡ್ಡ ದೊಡ್ಡ ಮಾತಾಡೋದು ನಂಬಿಕೆಯಲ್ಲ ಕಣಮ್ಮ. ಪಕ್ಕದೋರು ಕುಡಿದ ಬಟ್ಲಲ್ಲಿ ಮುಖ ಗಂಟಿಕ್ಕದೆ ಕುಡೀತೀವಲ್ಲ, ಅದು ನಂಬಿಕೆ," ಅಂದಿದ್ದ.

ನಾನು ಸೀರೆ ಉಡಲು ಶುರುಮಾಡಿದ ವರ್ಷ ಗುರುಪುರದ ಕಡೆಯಿಂದ ಒಬ್ಬಾಕೆ ದೀಕ್ಷಾಸ್ನಾನ ತಗೊಂಡು ಸಭೆಗೆ ಸೇರಿದಳು. ಸಮಾಧಾನಮ್ಮ ಎಂದು ಹೆಸರಿಟ್ಟರು. ಚರ್ಮ ಹದಮಾಡುವಲ್ಲಿ ಕೂಲಿ. ಎಷ್ಟು ತೊಳೆದರೂ ಕೈಯಿಂದ ತೊಗಲು ನೆನೆಹಾಕುವ ತಂಗಡಿ ಚಕ್ಕೆಯ ವಾಸನೆ ಹೋಗುತ್ತಿರಲಿಲ್ಲ. ಅವಳು ಬಂದಂದಿನಿಂದ ಹೆಂಗಸರ ಸಾಲಿಗೆ ನೂರು ಕಣ್ಣು ಬಂದವು. ಯಾರು ಯಾರ ಪಕ್ಕ ಕೂತರು, ಯಾರು ಸೆರಗು ಸರಿಸಿಕೊಂಡರು, ಬಟ್ಟಲು ಬಂದಾಗ ಯಾರ ಗಂಟಲು ಆಡಿತು, ಯಾರದು ಆಡಲಿಲ್ಲ. ಹಾಡುವಾಗಲೂ ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡುತ್ತಿದ್ದೆವು. ಸಭೆಯ ಹಿರಿಯರ ಹೆಂಡತಿ ಸುಗುಣಮ್ಮನವರು ಮಾತ್ರ ಬಾಯಿಬಿಟ್ಟೇ ಹೇಳಿದರು: "ಅವ್ಳಿಗೆ ಕೆಮ್ಮು ಕಣ್ರೀ ಅಯ್ಯನೋರೆ. ಕೊನೇಲಿ ಕೂರ್ಸಿ." ಕೆಮ್ಮು ಯಾವ ಜಾತಿಯದೆಂದು ಎಲ್ಲರಿಗೂ ಗೊತ್ತಿತ್ತು. ಅಣ್ಣ ಒಪ್ಪಲಿಲ್ಲ. ಅವಳನ್ನು ನನ್ನ ಪಕ್ಕದಲ್ಲೇ ಕೂರಿಸಿದ. ತನ್ನ ತಂಗಿಯ ಮೇಲೆ ಅವನಿಗೆ ಅಷ್ಟು ಭರವಸೆ.

ಆ ಭಾನುವಾರ ಸಮಾಧಾನಮ್ಮ ಕುಡಿದು, ಅಂಚನ್ನು ಸೆರಗಿನಿಂದ ಎರಡು ಸಲ ಒರೆಸಿ, "ತಗಳವ್ವ" ಅಂತ ಮೆಲ್ಲಗೆ ಬಟ್ಟಲು ಕೊಟ್ಟಳು. ನಾನೇ ಕಿವುಚಿದ ರಸ. ಆದರೂ ಅದರಲ್ಲಿ ನನಗೆ ತಂಗಡಿ ಚಕ್ಕೆಯೇ ನಾರಿತು. ನಮ್ಮಜ್ಜಿ ಜಾತಿ ಬಿಟ್ಟು ಬಂದವಳೇ. ಆದರೆ ಯಾರ ಮನೆಯ ನೀರು ಕುಡಿಯಬಾರದು ಅನ್ನುವುದನ್ನು ನನಗೆ ಅಕ್ಷರಕ್ಕಿಂತ ಮೊದಲೇ ಕಲಿಸಿದ್ದಳು. ಸೆರಗನ್ನು ಮುಂದಕ್ಕೆಳೆದುಕೊಂಡು, ಬಟ್ಟಲನ್ನು ಬಾಯಿಯ ಹತ್ತಿರ ಒಂದು ಗಳಿಗೆ ಹಿಡಿದು, ಸುಗುಣಮ್ಮನವರಿಗೆ ದಾಟಿಸಿದೆ. ಅವರು ಒಂದು ದೊಡ್ಡ ಗುಟುಕೇ ಕುಡಿದರು. ಆಚೆ ಕೂತಿದ್ದ ಮುದುಕಿ ಅವರ ಕಿವಿಯಲ್ಲಿ, "ನಮಗೂ ಒಂದ್ ತೊಟ್ಟು ಉಳ್ಸೇ, ಮಜ್ಜಿಗೆ ಅಲ್ಲ ಅದು," ಅಂದದ್ದು ನನಗೆ ಕೇಳಿತ್ತು.

ಊಟಕ್ಕೆ ಕೂತಾಗ ಅಣ್ಣ ಮುದ್ದೆ ಮುಟ್ಟಲಿಲ್ಲ. "ನಿಮ್ಮ ಸಾಲಲ್ಲಿ ಒಬ್ಬರ ಕೈಲಿ ಬಟ್ಲು ಬಾಗಲೇ ಇಲ್ಲ. ಒತ್ತಾಗಿ ಕೂತಿದ್ರಿ, ಸೆರಗು ಅಡ್ಡ ಇತ್ತು, ಯಾರ ಕೈ ಅಂತ ತಿಳೀಲಿಲ್ಲ. ಯಾರಮ್ಮ?" ಅವನ ಕಣ್ಣು ನನ್ನ ಮೇಲೇ ಇತ್ತು. ನನ್ನನ್ನೇ ಅನುಮಾನಿಸುತ್ತಿದ್ದಾನೆ ಅನ್ನಿಸಿತು. "ಸುಗುಣಮ್ಮನೋರು," ಅಂದುಬಿಟ್ಟೆ. ಅವನು ನಂಬಿದ. ನಂಬಲು ಬೇಕಾದದ್ದನ್ನೆಲ್ಲ ಅವರ ಬಾಯೇ ಮೊದಲು ಒದಗಿಸಿತ್ತು.

ಸಂಜೆ ಅಣ್ಣ ಅವರನ್ನು ಜಗಲಿಗೆ ಕರೆಸಿ ಕೇಳಿದ. ಸುಗುಣಮ್ಮನವರ ಕೂಗಿಗೆ ಬೀದಿಯೇ ನಿಂತು ನೋಡಿತು. "ನನ್ಗೆ ಇಷ್ಟ ಇರ್ಲಿಲ್ಲ, ಬಾಯಲ್ಲೇ ಹೇಳ್ದೆ. ನೀವು ಕುಡೀರಿ ಅಂದ್ರಿ, ಕುಡ್ದೆ! ಗಂಟ್ಲು ಸೀಳಿ ನೋಡ್ರಿ ಬೇಕಾದ್ರೆ!" ಕದದ ಹಿಂದೆ ನಿಂತಿದ್ದ ನನ್ನ ಬಾಯಿಂದ ಒಂದು ಮಾತು ಬಂದಿದ್ದರೆ ಸಾಕಿತ್ತು. ಬರಲಿಲ್ಲ. ಆ ಮನೆಯವರು ಸಭೆ ಬಿಟ್ಟು ಪಿರಿಯಾಪಟ್ಟಣಕ್ಕೆ ಹೋದರು. ಅವರ ನೆಂಟರಿಷ್ಟರೂ ಒಬ್ಬೊಬ್ಬರಾಗಿ ಬಿಟ್ಟರು. ಉಳಿದವರಲ್ಲಿ, ಸುಗುಣಮ್ಮನವರನ್ನು ಅಯ್ಯನವರಿಗೆ ಹಿಡಿದುಕೊಟ್ಟವರು ಯಾರು ಅನ್ನುವ ಗುಸುಗುಸು ನಿಲ್ಲಲಿಲ್ಲ.

ಮುಂದಿನ ತಿಂಗಳು ಸಮಾಧಾನಮ್ಮ ತಾನಾಗಿಯೇ ಹೋಗಿ ಸಾಲಿನ ಕೊನೆಯಲ್ಲಿ ಕೂತಳು. ಅಣ್ಣ ಮುಂದೆ ಬಾ ಎಂದು ಕರೆದ. "ಇಲ್ಲೇ ಗಾಳಿ ಚೆನ್ನಾಗದೆ, ಬುಡಿ ಅಯ್ನೋರೆ," ಅಂದಳು. ನನ್ನ ಕಡೆ ನೋಡಲಿಲ್ಲ. ನನ್ನ ಕೈಗೆ ಬಟ್ಟಲು ಕೊಟ್ಟವಳು ಅವಳು, ನಾನು ಕುಡಿಯಲಿಲ್ಲವೆಂದು ಗೊತ್ತಿದ್ದವಳೂ ಅವಳೊಬ್ಬಳೇ. ಸಾಯುವವರೆಗೂ ಯಾರಿಗೂ ಹೇಳಲಿಲ್ಲ. ಕೊನೆಯಲ್ಲಿ ಕೂತ ಅವಳ ಕೈಯಿಂದ ಬಟ್ಟಲು ನೇರ ಅಣ್ಣನ ಕೈಗೆ ಹೋಗುತ್ತಿತ್ತು. ಅವನು ಅವಳು ಕುಡಿದ ಕಡೆಯಿಂದಲೇ ಕುಡಿಯುತ್ತಿದ್ದ.

ಅಣ್ಣ ಕೊನೆಯ ಕಾಯಿಲೆಯಲ್ಲಿ ಮಲಗಿದ್ದಾಗ ನನ್ನ ಕೈ ಹಿಡಿದು, "ಸುಗುಣಮ್ಮನ್ನ ನಾನು ಕ್ಷಮಿಸಿದ್ದೀನಿ ಕಣಮ್ಮ. ಸಿಕ್ಕಿದ್ರೆ ಹೇಳು," ಅಂದ. ಆಗಲಾದರೂ ಹೇಳಬಹುದಿತ್ತು. "ಹೇಳ್ತೀನಿ ಬುಡಣ್ಣ," ಅಂದೆ.

ಅವರು ಸಿಕ್ಕಿದರು, ಪಿರಿಯಾಪಟ್ಟಣದ ಸಂತೆಯಲ್ಲಿ, ತಲೆಯೆಲ್ಲ ಬೆಳ್ಳಗಾಗಿ. "ಅಯ್ಯನೋರು ಕೊನೆಗಾಲದಲ್ಲಿ ನಮ್ಮನ್ನ ನೆನೆಸ್ಕೊಂಡ್ರೇನವ್ವ?" ಅಂತ ಕೇಳಿದರು. "ನೆನೆಸ್ಕೊಂಡ್ರು," ಅಂದೆ. ತಪ್ಪೇ ಮಾಡದವರಿಗೆ ಕ್ಷಮೆಯನ್ನು ಹೇಗೆ ತಲುಪಿಸುವುದು? ಅದು ನನ್ನ ಹತ್ತಿರವೇ ಉಳಿಯಿತು. ಈಗ ಆ ಮನೆಯಿಲ್ಲ, ಜಗಲಿಯಿಲ್ಲ. ಆ ಸಾಲಿನಲ್ಲಿ ಕೂತವರಲ್ಲಿ ನಾನೊಬ್ಬಳೇ ಇದ್ದೇನೆ. ಬಟ್ಟಲು ಕೊಡುವವರೂ ಇಲ್ಲ, ಈಸಿಕೊಳ್ಳುವವರೂ ಇಲ್ಲ.