ತಲೆದಿಂಬಿನಡಿಯ ಕುಡುಗೋಲು

ಗಾಳಿ, ದೆವ್ವ, ಶಕುನ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಬಿ.ಎಸ್ಸಿ. ಓದಿ, ಮಧುಗಿರಿಯ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ಈಗಲೂ ಅವನ್ನೆಲ್ಲ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ, ಹಾಡಹಗಲಲ್ಲಿ, ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಇವತ್ತಿಗೂ ಮರೆಯಲಾಗಿಲ್ಲ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ನೀವು ನಂಬಲೇಬೇಕೆಂದಿಲ್ಲ.

ನನ್ನ ತಂಗಿ ಸವಿತಾಳನ್ನು ಕೊರಟಗೆರೆಗೆ ಕೊಟ್ಟಿದೆ. ಚೊಚ್ಚಲ ಹೆರಿಗೆಗೆಂದು ಶಿರಾ ತಾಲ್ಲೂಕಿನ ನಮ್ಮ ಹಳ್ಳಿಗೆ ಬಂದಿದ್ದಳು. ಹೆಣ್ಣು ಮಗು. ಶಾಲೆಗೆ ರಜೆ ಇದ್ದುದರಿಂದ ನಾನೂ ಊರಲ್ಲಿದ್ದೆ. ಅಮ್ಮ ಬಾಣಂತಿ ಕೋಣೆಯ ಕಿಟಕಿಗೆ ಗೋಣಿತಾಟು ಹೊಡೆದಿದ್ದಳು, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದಳು, ತಲೆದಿಂಬಿನ ಕೆಳಗೆ ಕುಡುಗೋಲು ಇಟ್ಟಿದ್ದಳು. ಬಾಣಂತಿಯ ಹತ್ತಿರ ಕಬ್ಬಿಣ ಇದ್ದರೆ ಗಾಳಿ ಸೋಕುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಇರಲಿ, ಅದರಿಂದ ಯಾರಿಗೇನು ಕೇಡು ಎಂದುಕೊಂಡೆ.

ಸವಿತಾ ನಿದ್ದೆ ಮಾಡುತ್ತಿರಲಿಲ್ಲ. ಊಟ ಕೊಟ್ಟರೆ ಉಣ್ಣುವಳು, ಬಿಟ್ಟರೆ ಬಿಡುವಳು. "ನಮ್ ಸವಿ ಒಳ್ಳೆ ಬಾಣಂತಿ, ಒಂದು ತಕರಾರಿಲ್ಲ," ಎಂದು ಅಮ್ಮ ಬಂದವರೆದುರು ಹೊಗಳಿಕೊಳ್ಳುತ್ತಿದ್ದಳು. ಆಮೇಲಾಮೇಲೆ ಅವಳು ಗೋಡೆಯ ಕಡೆ ತಿರುಗಿ ಯಾರೊಂದಿಗೋ ಪಿಸುಗುಟ್ಟತೊಡಗಿದಳು. ಮಗುವನ್ನು ಎತ್ತಿಕೊಟ್ಟರೆ ಬೇರೆ ಯಾರದೋ ಮಗುವನ್ನು ನೋಡುವಂತೆ ನೋಡುತ್ತಿದ್ದಳು. ಅಮ್ಮ ಗೊರವನಹಳ್ಳಿ ಲಕ್ಷ್ಮಿಗೆ ಹರಕೆ ಹೊತ್ತಳು. ಪಾವಗಡದ ಕಡೆ ಗಾಳಿ ಬಿಡಿಸುವವನೊಬ್ಬನಿದ್ದಾನೆ, ಅಮಾವಾಸ್ಯೆಗೆ ಕರೆದುಕೊಂಡು ಹೋಗೋಣ ಎಂದು ಸವಿತಾಳ ಗಂಡ ಫೋನು ಮಾಡಿದ.

ಅಮಾವಾಸ್ಯೆ ಇನ್ನೂ ದೂರವಿತ್ತು. ಆ ದಿನ ಬೆಳಿಗ್ಗೆ ಹಾಸಿಗೆ ಕೊಡವಿದವಳು ನಾನೇ. ಕುಡುಗೋಲನ್ನು ಎತ್ತಿ, ಮತ್ತೆ ದಿಂಬಿನ ಕೆಳಗೆ ಇಟ್ಟದ್ದು ನನಗೆ ಚೆನ್ನಾಗಿ ನೆನಪಿದೆ. ಮಧ್ಯಾಹ್ನ ಅಮ್ಮ ಬಟ್ಟೆ ಒಗೆಯಲು ತೊಟ್ಟಿಯ ಹತ್ತಿರ ಹೋದಳು. ನಾನು ಪಡಸಾಲೆಯಲ್ಲಿ, ಕೋಣೆಯ ಬಾಗಿಲಿಗೆ ಎದುರಾಗಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದೆ. ಆ ಕೋಣೆಗೆ ಇರುವುದು ಅದೊಂದೇ ಬಾಗಿಲು. ನಾನು ಜಾಗ ಬಿಟ್ಟು ಏಳಲಿಲ್ಲ. ಯಾರೂ ನನ್ನನ್ನು ದಾಟಿ ಹೋಗಲಿಲ್ಲ, ಬರಲಿಲ್ಲ.

ಒಳಗೆ ಮಂಚ ಎಳೆದಾಡಿದ ಸದ್ದಾಯಿತು. ಬಾಗಿಲು ತಳ್ಳಿದೆ. ದಿಂಬು ಒಂದು ಕಡೆ, ಹಾಸಿಗೆ ಒಂದು ಕಡೆ ಬಿದ್ದಿತ್ತು. ಮಗು ಚಾಪೆಯ ಮೇಲಿತ್ತು. ಅದರ ಪಕ್ಕ ಮಂಡಿಯೂರಿ ಕೂತ ಸವಿತಾ ಮಂಚದ ಕೆಳಗೆ ಕೈಯಾಡಿಸಿ ಹುಡುಕುತ್ತಿದ್ದಳು.

"ಅಕ್ಕಾ, ಕುಡ್ಲು ಎಲ್ಲೈತೆ?" ಎಂದಳು. ಉಪ್ಪಿನ ಡಬ್ಬ ಎಲ್ಲಿದೆ ಎಂದು ಕೇಳಿದಷ್ಟು ನಿಧಾನವಾಗಿ. "ಮಗೀನ ಕಳಿಸ್ಬೇಕು. ಅವ್ರು ಕಾಯ್ತಾವ್ರೆ."

ಮಗುವನ್ನು ಬಾಚಿ ಎದೆಗವುಚಿಕೊಂಡೆ. ನಾನು ಕಿರುಚಿದ್ದು ನನಗೇ ಕೇಳಿಸಲಿಲ್ಲ.

"ಇಲ್ಲೇ ಇತ್ತು," ಎಂದು ಅವಳು ಬೇಸರದಿಂದ ಹೇಳಿದಳು. "ಒಂದು ಅಜ್ಜಿ ಬಂದು ಎತ್ಕೊಂಡೋತು. ಮಾತೇ ಆಡ್ಲಿಲ್ಲ. ಹುಲ್ಲು ಕುಯ್ಯಾಕೆ ಹೋಗೋರಂಗೆ ಸೊಂಟಕ್ಕೆ ಸಿಗಿಸ್ಕೊಂಡು ಹೊಂಟೋತು."

ಕಿರುಚಾಟ ಕೇಳಿ ಮೊದಲು ಓಡಿಬಂದವರು ಪಕ್ಕದ ಮನೆಯ ಜುಬೇದಮ್ಮ. ಹಿಂದೆಯೇ ಒದ್ದೆ ಸೀರೆಯಲ್ಲಿ ಅಮ್ಮ. ವಿಷಯ ತಿಳಿದು ಅಮ್ಮ ಕುಸಿದು ಕೂತಳು. ಜುಬೇದಮ್ಮ ಮಾತ್ರ ಸವಿತಾಳ ಬೆನ್ನು ಸವರುತ್ತಾ, "ಈಗ್ಲೇ ಶಿರಾ ಸರ್ಕಾರಿ ಆಸ್ಪತ್ರೆಗೆ ಹೋಗಣ, ಅಲ್ಲಿ ಮನಸ್ಸಿನ ಕಾಯಿಲೆಗೂ ಔಸ್ತಿ ಕೊಡ್ತಾರೆ, ಏಳಿ," ಎಂದರು.

"ತಲೆ ಕೆಟ್ಟೋರಿಗೆ ಕೊಡೋ ಔಸ್ತಿಯಾ ನನ್ನ ಮಗಳಿಗೆ? ಊರೋರು ಏನಂತಾರೆ ಜುಬೇದಾ?"

"ಊರೋರು ಬಂದು ನಿನ್ನ ಮೊಮ್ಮಗೀನ ಸಾಕ್ತಾರಾ? ನನ್ನ ತಮ್ಮ ಎಷ್ಟೋ ವರ್ಷದಿಂದ ಅಲ್ಲೇ ಮಾತ್ರೆ ಇಸ್ಕೊಂಡು ತಿಂತಾವ್ನೆ, ಪುಕ್ಕಟೆ. ನಿನ್ನ ರವಿಕೆ ಹೊಲೆಯೋನು ಅವ್ನೇ ಕಣಮ್ಮ. ಯಾವತ್ತಾದ್ರೂ ಅಳತೆ ತಪ್ಪೈತಾ?"

ಆ ಹೊತ್ತಿನಲ್ಲೂ ಅಮ್ಮ, "ತೋಳು ಒಂಚೂರು ಬಿಗಿ," ಎಂದಳು. ಅಂದವಳೇ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಎದ್ದು ಹೊರಟಳು.

ಶಿರಾದ ಡಾಕ್ಟರು ನೋಡಿದ ಕೂಡಲೇ ಆಂಬುಲೆನ್ಸಿನಲ್ಲಿ ತುಮಕೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿಯ ಮನೋವೈದ್ಯೆ ನಮ್ಮನ್ನು ಬೈಯಲಿಲ್ಲ. "ಇದು ಗಾಳಿನೂ ಅಲ್ಲ, ಹಟಾನೂ ಅಲ್ಲಮ್ಮ. ಹೆರಿಗೆ ಆದ್ಮೇಲೆ ಕೆಲವರಿಗೆ ಬರೋ ಕಾಯಿಲೆ. ವಾಸಿ ಆಗುತ್ತೆ," ಎಂದರು. ಅಮ್ಮ ಸೆರಗಿನ ಗಂಟು ಬಿಚ್ಚಿದಾಗ ನರ್ಸು ಅವಳ ಕೈಯನ್ನು ಮೆಲ್ಲಗೆ ಮಡಚಿ, "ಇದಕ್ಕೆಲ್ಲ ಏನೂ ಕೊಡಬೇಕಾಗಿಲ್ಲ. ಹೋಗಿ ಕಾಫಿ ಕುಡೀರಿ," ಎಂದರು. ಆ ಇಬ್ಬರ, ಜುಬೇದಮ್ಮನ, ತನ್ನ ಕಾಯಿಲೆಯ ಮಾತು ಬಯಲಾದರೂ ಬೇಸರಿಸದ ಅವರ ತಮ್ಮನ ಋಣವನ್ನು ನಾನು ಈ ಜನ್ಮದಲ್ಲಿ ತೀರಿಸಲಾರೆ. ಒಂದು ದಿನ ಸವಿತಾ ತಾನಾಗಿಯೇ ಮಗುವಿಗೆ ಕೈ ಚಾಚಿದಳು. ಆವತ್ತು ವಾರ್ಡಿನಲ್ಲಿ ಅಮ್ಮ ಕಂಡಕಂಡವರಿಗೆಲ್ಲ ಬಾಳೆಹಣ್ಣು ಹಂಚಿದಳು.

ಇನ್ನು ಕುಡುಗೋಲು. ಊರಿಗೆ ಮರಳಿದ ಮೇಲೆ ಕೋಣೆಯನ್ನು ಪೂರ್ತಿ ಬರಿದು ಮಾಡಿದೆವು. ಹಾಸಿಗೆ ಬಿಚ್ಚಿ ಹತ್ತಿ ಕೆದಕಿದೆವು. ಕಿಟಕಿಯ ಗೋಣಿತಾಟಿನ ಒಂದು ಮೊಳೆಯೂ ಸಡಿಲವಾಗಿರಲಿಲ್ಲ. ಅಮ್ಮ ತೆಗೆದಿರಲಿಲ್ಲ. ಜುಬೇದಮ್ಮನನ್ನೂ ಕೇಳಿದೆ. "ಯಾ ಅಲ್ಲಾ, ನಿಮ್ಮ ಕುಡ್ಲು ನಂಗ್ಯಾಕೆ, ನಮ್ಮನೇಲಿ ಮೇಕೆ ಐತಾ?" ಎಂದು ನಕ್ಕರು.

ಮನೋವೈದ್ಯೆಯ ಮುಂದೆ ಇದನ್ನು ಹೇಳಿದಾಗ ಅವರು, "ಒಂದು ಕ್ಷಣ ತಿಳಿವು ಬಂದು ನಿಮ್ಮ ತಂಗೀನೇ ಬಚ್ಚಿಟ್ಟಿರಬಹುದು. ತಾಯಿ ಅಲ್ವಾ?" ಎಂದರು. ನನಗೂ ಅದನ್ನೇ ನಂಬುವ ಆಸೆ. ಆದರೆ ಬಚ್ಚಿಟ್ಟದ್ದು ಎಲ್ಲಿ? ಆ ಕುಡುಗೋಲು ಇವತ್ತಿನವರೆಗೂ ಸಿಕ್ಕಿಲ್ಲ. ಅದು ಅಲ್ಲೇ ಇದ್ದಿದ್ದರೆ ಎಂಬ ಯೋಚನೆ, ಪಾಠ ಮಾಡುತ್ತಿರುವಾಗಲೂ ಬಂದುಬಿಡುತ್ತದೆ.

ಸವಿತಾ ಈಗ ಆರೋಗ್ಯವಾಗಿದ್ದಾಳೆ. ಮಗಳು ಅಂಗನವಾಡಿಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಾಳಂತೆ. ಮನೋವೈದ್ಯರು ಶಿರಾ ಆಸ್ಪತ್ರೆಗೆ ಬರುವ ದಿನ ತವರಿಗೆ ಬರುತ್ತಾಳೆ. ನನ್ನ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ ತೋರಿಸಿಕೊಂಡು ಬರುತ್ತೇನೆ. ಆಗ ಕೇಳಿದ ದನಿಗಳೆಲ್ಲ ಕಾಯಿಲೆಯವು ಎಂದು ಅವಳೇ ಹೇಳುತ್ತಾಳೆ. "ಆ ಅಜ್ಜಿ ಮಾತ್ರ ಅಲ್ಲ ಅಕ್ಕ," ಎನ್ನುತ್ತಾಳೆ.

ದಾರಿಯಲ್ಲಿ ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡು ಹುಲ್ಲಿಗೆ ಹೋಗುವ ಮುದುಕಿಯರು ಎಷ್ಟೋ ಸಲ ಎದುರಾಗುತ್ತಾರೆ. ಆಗೆಲ್ಲ ಸವಿತಾಳ ಕೈ ನನ್ನ ಹೆಗಲು ಬಿಡುತ್ತದೆ. ಹಿಂದೆ ಕೂತು ಕೈ ಮುಗಿಯುತ್ತಿದ್ದಾಳೆ ಎಂದು ನನಗೆ ಗೊತ್ತು. ಅವಳ ಕೈ ಮತ್ತೆ ಹೆಗಲಿಗೆ ಬರುವವರೆಗೆ ನಾನು ಗಾಡಿ ನಿಧಾನ ಮಾಡುತ್ತೇನೆ.