ಬೆನ್ನು ಹಾಕಿ ಮಾತಾಡುವ ನರ್ಸಮ್ಮ

ಎಚ್‌ಐವಿ ಬಾರದಂತೆ ತಡೆಯುವ ಮಾತ್ರೆ ಕೇಳಿಕೊಂಡು ಹರೆಯದವರು ಆಸ್ಪತ್ರೆಗೆ ಬಂದರೆ ಸಾಕು, ಹಿರಿಯ ನರ್ಸಮ್ಮ ಎದ್ದು ನಲ್ಲಿಯ ಬಳಿ ಹೋಗಿ, ತೊಳೆದ ಕೈಯನ್ನೇ ತೊಳೆಯುತ್ತ, ಬೆನ್ನು ಹಾಕಿಕೊಂಡೇ ಎಲ್ಲ ವಿಚಾರಿಸುತ್ತಾರೆ. “ಇದ್ಯಾವ ಸೀಮೆ ಮರ್ಯಾದೆ ಅಕ್ಕಾ?” ಎಂದು ಕಿರಿಯ ನರ್ಸ್ ಛೇಡಿಸಿದರೆ, “ನಾಲಿಗೆ ನನ್ನ ಮಾತು ಕೇಳುತ್ತೆ ಕಣೇ, ಈ ಹಾಳು ಹುಬ್ಬು ಕೇಳಲ್ಲ. ಅದು ಮೇಲೇರಿದ್ದು ಕಂಡ್ರೆ ಮಕ್ಕಳು ಮಾತ್ರೇನೂ ಬೇಡ ಅಂತ ಓಡಿಹೋಗ್ತಾವೆ” ಅನ್ನುತ್ತಾರೆ. ಆ ಬೆನ್ನಿಗೆ ಮಕ್ಕಳು ಅಮ್ಮನಿಗೂ ಹೇಳದ್ದನ್ನು ಹೇಳಿಬಿಡುತ್ತಾರೆ. ಮೊನ್ನೆ ಒಂದು ದನಿ ಅಳುಕುತ್ತ “ಸಿಸ್ಟರ್” ಅಂದಿತು. ದೊಡ್ಡಮ್ಮಾ ಎನ್ನಬೇಕಾದ ದನಿ, ನರ್ಸಮ್ಮನ ಸ್ವಂತ ತಂಗಿಯ ಮಗಳದು. ನರ್ಸಮ್ಮನ ಕೈ ಸೋಪಿನ ನೊರೆಯಲ್ಲೇ ನಿಂತಿತು. ದೇವರೇ, ನಾನು ತಿರುಗದಂತೆ ನೋಡಿಕೋ ಎಂದು ಒಳಗೇ ಬೇಡಿಕೊಂಡರು. “ಕೂತ್ಕೊಳ್ಳಿ. ಮೊದಲು ರಕ್ತಪರೀಕ್ಷೆ, ಆಮೇಲೆ ಮಾತ್ರೆ. ಹೆದರಬೇಡಿ” ಎಂದು, ತಾವೇ ಎತ್ತಿ ಆಡಿಸಿದ ಮಗುವನ್ನು ಗುರುತೇ ಇಲ್ಲದವರಂತೆ ಮಾತಾಡಿಸಿದರು.